ರೇಡಿಯೇಷನ್‌ನಿಂದ ಬಾಯಿ ಒಣಗುವುದು: ಶುರುವಾಗುವ ಮುಂಚೆಯೇ ಮಾಡಬೇಕಾದ ಕೆಲಸ

ಪ್ರಶ್ನೆ: ಡಾಕ್ಟ್ರೇ, ನಮ್ಮದು ಹೊಸನಗರ ತಾಲ್ಲೂಕು. ಅಡಿಕೆ ತೋಟ ಇದೆ. ಅಪ್ಪಯ್ಯನಿಗೆ 58 ವರ್ಷ. ಬಲಗೆನ್ನೆಯ ಒಳಗೆ ಕ್ಯಾನ್ಸರ್ ಆಗಿ ಎರಡು ವಾರದ ಹಿಂದೆ ಆಪರೇಷನ್ ಆಯಿತು. ಕುತ್ತಿಗೆಯ ಗಂಟುಗಳನ್ನೂ ತೆಗೆದಿದ್ದಾರೆ. ಈಗ 30 ದಿನ ಕರೆಂಟ್, ಅಂದರೆ ರೇಡಿಯೇಷನ್ ಕೊಡಬೇಕು ಅಂದಿದ್ದಾರೆ. ಪಕ್ಕದ ಮನೆಯ ದೊಡ್ಡಪ್ಪ ಮೂರು ವರ್ಷದ ಹಿಂದೆ ಗಂಟಲಿಗೆ ಇದೇ ಚಿಕಿತ್ಸೆ ತಗೊಂಡಿದ್ದರು. ಇವತ್ತಿಗೂ ಅವರ ಬಾಯಲ್ಲಿ ಜೊಲ್ಲಿಲ್ಲ. ರಾತ್ರಿ ನಾಲ್ಕೈದು ಸಲ ಎದ್ದು ನೀರು ಕುಡಿಯುತ್ತಾರೆ, ಹಲ್ಲು ತುಂಡಾಗಿ ಬೀಳುತ್ತಿವೆ. ಅದನ್ನು ನೋಡಿ ಅಪ್ಪಯ್ಯ 'ನಂಗೆ ಕರೆಂಟೇ ಬೇಡ' ಅಂತ ಕೂತಿದ್ದಾರೆ. ಬಾಯಿ ಒಣಗದ ಹಾಗೆ ಮಾಡಲು ದಾರಿ ಇದೆಯಾ? ತಂಬಾಕು ಬಿಟ್ಟು ಬರೀ ಎಲೆ ಅಡಿಕೆ ಹಾಕಿದರೆ ಜೊಲ್ಲು ಬರುತ್ತಲ್ಲ ಅಂತಲೂ ಕೇಳುತ್ತಿದ್ದಾರೆ.

ಉತ್ತರ: ದಾರಿ ಇದೆ. ಪೂರ್ತಿ ತಪ್ಪಿಸುವುದು ಕಷ್ಟ, ಆದರೆ ತುಂಬಾ ಕಡಿಮೆ ಮಾಡಬಹುದು. ಮುಖ್ಯವಾದ ಮಾತು ಏನೆಂದರೆ, ಆ ಕೆಲಸದ ಬಹುಪಾಲು ರೇಡಿಯೇಷನ್ ಶುರುವಾಗುವ ಮುಂಚೆಯೇ ಆಗಬೇಕು. ಒಮ್ಮೆ ಜೊಲ್ಲು ಮಾಡುವ ಗ್ರಂಥಿ ಸುಟ್ಟು ಹೋದ ಮೇಲೆ ಅದನ್ನು ವಾಪಸ್ ತರುವ ಔಷಧಿ ನಮ್ಮ ಕೈಯಲ್ಲಿ ಇಲ್ಲ. ನೀವು ಈಗಲೇ ಕೇಳಿದ್ದು ಒಳ್ಳೆಯದಾಯಿತು. ನನ್ನ ಹತ್ತಿರ ಬರುವ ಹೆಚ್ಚಿನವರು ಎಲ್ಲಾ ಮುಗಿದು ವರ್ಷ ಕಳೆದ ಮೇಲೆ ಬರುತ್ತಾರೆ.

ನಾನು ಶಿವಮೊಗ್ಗದಲ್ಲಿ ಹಲ್ಲು ಮತ್ತು ಬಾಯಿಯ ವೈದ್ಯೆ. ಎಷ್ಟು ರೇಡಿಯೇಷನ್, ಎಲ್ಲಿಗೆ ಎಂಬುದನ್ನು ನಿರ್ಧರಿಸುವವರು ರೇಡಿಯೇಷನ್ ಡಾಕ್ಟರು. ಅದಕ್ಕೆ ಮುಂಚೆ ಬಾಯಿಯನ್ನು ತಯಾರು ಮಾಡುವುದು, ಆಮೇಲೆ ಕಾಪಾಡುವುದು ನನ್ನ ಕೆಲಸ. ಈ ಎರಡನ್ನೂ ಮನಸ್ಸಿನಲ್ಲಿ ಇಟ್ಟುಕೊಂಡು ಓದಿ.

ಮೊದಲು ಅಪ್ಪಯ್ಯನ ವಿಷಯ. ಆಪರೇಷನ್ ಚೆನ್ನಾಗಿ ಆದ ಮೇಲೂ ರೇಡಿಯೇಷನ್ ಬೇಕು ಅಂದಿದ್ದಾರೆ ಎಂದರೆ, ಬಯಾಪ್ಸಿ ವರದಿಯಲ್ಲಿ ಕಾಯಿಲೆ ಮರಳುವ ಸೂಚನೆ ಏನೋ ಕಂಡಿದೆ ಎಂದೇ ಅರ್ಥ. ಸುಮ್ನೆ ಯಾರೂ 30 ದಿನ ಬರೆಯುವುದಿಲ್ಲ. ಕೆನ್ನೆಯ ಕ್ಯಾನ್ಸರ್ ಮರಳಿ ಬಂದರೆ ಎರಡನೇ ಸಲ ಹಿಡಿಯುವುದು ಬಹಳ ಕಷ್ಟ. ಬಾಯಿ ಒಣಗುವುದು ನಿಜವಾದ ತೊಂದರೆ, ಅದನ್ನು ನಾನು ಹಗುರ ಮಾಡುತ್ತಿಲ್ಲ. ಆದರೆ ಅದಕ್ಕೆ ಉಪಾಯಗಳಿವೆ. ಇನ್ನೊಂದು ಮಾತನ್ನೂ ಅವರಿಗೆ ಹೇಳಿ. ಪಕ್ಕದ ಮನೆಯವರಿಗೆ ಆಗಿದ್ದು ಗಂಟಲಿಗೆ. ಗಂಟಲಿನ ಕಾಯಿಲೆಗೆ ಸಾಮಾನ್ಯವಾಗಿ ಕುತ್ತಿಗೆಯ ಎರಡೂ ಬದಿಗೆ ಕೊಡಬೇಕಾಗುತ್ತದೆ. ಕೆನ್ನೆಯ ಕಾಯಿಲೆ ಎಷ್ಟೋ ಸಲ ಒಂದೇ ಬದಿಯ ಲೆಕ್ಕ. ಅವರ ಬಾಯಿ ನೋಡಿ ತನ್ನ ಬಾಯಿಯ ಭವಿಷ್ಯ ಹೇಳಿಕೊಳ್ಳುವುದು ಬೇಡ.

ಜೊಲ್ಲು ಎಲ್ಲಿಂದ ಬರುತ್ತದೆ ಅಂತ ಸ್ವಲ್ಪ ತಿಳಿದುಕೊಂಡರೆ ಮುಂದಿನದು ಸುಲಭ. ಆರೋಗ್ಯವಂತರ ಬಾಯಲ್ಲಿ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಜೊಲ್ಲು ಊರುತ್ತದೆ. ದೊಡ್ಡ ಗ್ರಂಥಿಗಳು ಮೂರು ಜೊತೆ. ಕಿವಿಯ ಮುಂದೆ ಒಂದು ಜೊತೆ ಇದೆ. ಮಂಗಬಾವು, ಅಂದರೆ ಕೆಪ್ಪಟೆ ಆದಾಗ ಊದಿಕೊಳ್ಳುತ್ತದಲ್ಲ, ಅದೇ ಜಾಗ. ಇದಕ್ಕೆ ಪೆರೋಟಿಡ್ ಅನ್ನುತ್ತಾರೆ. ಊಟ ಮಾಡುವಾಗ ನೀರಿನಂಥ ತೆಳು ಜೊಲ್ಲು ಬರುವುದು ಮುಖ್ಯವಾಗಿ ಇಲ್ಲಿಂದ. ಎರಡನೆಯದು ದವಡೆಯ ಕೆಳಗೆ. ಊಟ ಇಲ್ಲದ ಹೊತ್ತಿನಲ್ಲಿ ಬಾಯಿ ಒದ್ದೆಯಾಗಿರಲು ಇದೇ ಆಧಾರ. ಮೂರನೆಯದು ನಾಲಿಗೆಯ ಕೆಳಗೆ. ಇವಲ್ಲದೆ ತುಟಿ, ಕೆನ್ನೆ, ಅಂಗುಳಿನಲ್ಲಿ ನೂರಾರು ಪುಟ್ಟ ಗ್ರಂಥಿಗಳು ಇವೆ. ಜೊಲ್ಲು ಮಾಡುವ ಜೀವಕೋಶಗಳಿಗೆ ರೇಡಿಯೇಷನ್ ತಡೆದುಕೊಳ್ಳುವ ಶಕ್ತಿ ಬಹಳ ಕಡಿಮೆ. ಅವು ದಾರಿಯಲ್ಲಿ ಬಿದ್ದರೆ ಮೊದಲ ವಾರದಲ್ಲೇ ಜೊಲ್ಲು ಅರ್ಧಕ್ಕೆ ಇಳಿಯಬಹುದು. ಉಳಿದದ್ದು ಗಟ್ಟಿಯಾಗಿ ಗೋಂದಿನ ಹಾಗೆ ಅಂಟುತ್ತದೆ.

ಈಗ ಅಪ್ಪಯ್ಯನ ಲೆಕ್ಕ ನೋಡೋಣ. ಕುತ್ತಿಗೆಯ ಗಂಟು ತೆಗೆಯುವಾಗ ಆ ಬದಿಯ ದವಡೆ ಕೆಳಗಿನ ಗ್ರಂಥಿಯನ್ನೂ ಸಾಮಾನ್ಯವಾಗಿ ತೆಗೆಯುತ್ತಾರೆ. ಹಾಗಾಗಿ ಬಲಗಡೆ ಅದು ಈಗಾಗಲೇ ಇಲ್ಲದಿರಬಹುದು, ಡಿಸ್ಚಾರ್ಜ್ ಚೀಟಿಯಲ್ಲಿ ನೋಡಿ. ಬಲಗಡೆಯ ಪೆರೋಟಿಡ್ ಕಾಯಿಲೆಯ ಜಾಗಕ್ಕೆ ತಾಗಿಕೊಂಡೇ ಇದೆ, ಅದಕ್ಕೆ ಪೆಟ್ಟು ಬೀಳುವುದು ಖಂಡಿತ. ಹಾಗಾದರೆ ಉಳಿಯುವ ಆಸ್ತಿ ಎಡಗಡೆಯದು. ಎಡಗಡೆಯ ಪೆರೋಟಿಡ್ ಮತ್ತು ಎಡಗಡೆಯ ದವಡೆ ಕೆಳಗಿನ ಗ್ರಂಥಿಯನ್ನು ಉಳಿಸಿಕೊಂಡರೆ ಅಪ್ಪಯ್ಯ ಮುಂದೆ ಅನ್ನ ಸಾರು ಊಟ ಮಾಡಿಕೊಂಡು ಇರಬಹುದು.

ಉಳಿಸಿಕೊಳ್ಳುವ ದಾರಿ ಯೋಜನೆಯಲ್ಲಿದೆ. ಹಳೆಯ ಪದ್ಧತಿಯಲ್ಲಿ ಎರಡು ಬದಿಯಿಂದ ಅಗಲವಾಗಿ ಕಿರಣ ಬಿಡುತ್ತಿದ್ದರು, ಗ್ರಂಥಿಗಳೂ ಅದರೊಳಗೇ ಬೀಳುತ್ತಿದ್ದವು. ಈಗ ಐಎಂಆರ್‌ಟಿ ಎಂಬ ಪದ್ಧತಿಯಲ್ಲಿ ಕಿರಣದ ಆಕಾರ, ಬಲ ಎರಡನ್ನೂ ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿ ಗ್ರಂಥಿಯ ಪಕ್ಕದಿಂದ ತಿರುಗಿಸಿಕೊಂಡು ಹೋಗಬಹುದು. ಇದು ಎಷ್ಟು ಉಪಯೋಗ ಅಂತ ಬ್ರಿಟನ್‌ನಲ್ಲಿ 94 ಗಂಟಲು ಕ್ಯಾನ್ಸರ್ ರೋಗಿಗಳಲ್ಲಿ ಹೋಲಿಸಿ ನೋಡಿದರು. ಪಾರ್‌ಸ್ಪೋರ್ಟ್ ಎಂಬ ಆ ಅಧ್ಯಯನದ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಒಂದು ವರ್ಷದ ನಂತರ ಬಾಯಿ ಗಣನೀಯವಾಗಿ ಒಣಗಿದ್ದವರು ಹಳೆಯ ಪದ್ಧತಿಯಲ್ಲಿ ನೂರಕ್ಕೆ 74, ಐಎಂಆರ್‌ಟಿಯಲ್ಲಿ 38. ಎರಡು ವರ್ಷಕ್ಕೆ ಅಂತರ ಇನ್ನೂ ಜಾಸ್ತಿ ಆಯಿತು: 83 ಮತ್ತು 29. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ನಮ್ಮ ದೇಶದ ರೋಗಿಗಳಲ್ಲಿ ನೋಡಿದಾಗಲೂ ಐಎಂಆರ್‌ಟಿಯೇ ಮೇಲಾಯಿತು.

ರೇಡಿಯೇಷನ್ನಿನ ಅಳತೆ ಗ್ರೇ. ದಿನಕ್ಕೆ 2 ಗ್ರೇ, ವಾರಕ್ಕೆ ಐದು ದಿನದಂತೆ 30 ಸಲ ಕೊಟ್ಟರೆ ಒಟ್ಟು 60 ಗ್ರೇ. ಒಂದು ಪೆರೋಟಿಡ್‌ಗೆ ಬೀಳುವ ಸರಾಸರಿ 20 ಗ್ರೇ ಒಳಗೆ, ಅಥವಾ ಎರಡಕ್ಕೂ ಬೀಳುವುದು 25 ಗ್ರೇ ಒಳಗೆ ಇರುವಂತೆ ನೋಡಿಕೊಳ್ಳಿ ಎಂಬುದು ರೇಡಿಯೇಷನ್ ಡಾಕ್ಟರುಗಳು ಇಟ್ಟುಕೊಂಡಿರುವ ಗುರಿ. ಅಷ್ಟರೊಳಗೆ ಇದ್ದರೆ ಗ್ರಂಥಿ ಒಂದೆರಡು ವರ್ಷದಲ್ಲಿ ಚೇತರಿಸಿಕೊಳ್ಳುವ ಸಾಧ್ಯತೆ ಚೆನ್ನಾಗಿರುತ್ತದೆ.

ಹಾಗಾಗಿ ಮುಂದಿನ ಸಲ ಹೋದಾಗ ಹೀಗೆ ಕೇಳಿ: 'ಡಾಕ್ಟ್ರೇ, ಇದು ಐಎಂಆರ್‌ಟಿಯಾ? ಕುತ್ತಿಗೆಯ ಒಂದೇ ಬದಿಗಾ, ಎರಡಕ್ಕೂನಾ? ಎಡಗಡೆ ಪೆರೋಟಿಡ್‌ಗೆ ಸರಾಸರಿ ಎಷ್ಟು ಗ್ರೇ ಬೀಳುತ್ತೆ? ಎಡಗಡೆ ದವಡೆ ಕೆಳಗಿನ ಗ್ರಂಥಿ ಉಳಿಯುತ್ತಾ?' ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ ಅಂತ ಹೆದರಬೇಡಿ. ಒಳ್ಳೆಯ ಡಾಕ್ಟರಿಗೆ ಇಂಥ ಪ್ರಶ್ನೆ ಇಷ್ಟ. ಕೆಲವೊಮ್ಮೆ 'ಆ ಗ್ರಂಥಿ ಉಳಿಸೋಕೆ ಆಗಲ್ಲ, ಕಾಯಿಲೆ ಹತ್ತಿರ ಇದೆ' ಅನ್ನಬಹುದು. ಆಗ ಒಪ್ಪಿಕೊಳ್ಳಿ. ಜೊಲ್ಲಿಗೋಸ್ಕರ ಕ್ಯಾನ್ಸರಿಗೆ ಕಡಿಮೆ ಕೊಡಿ ಅಂತ ಯಾರೂ ಕೇಳಬಾರದು.

ಖರ್ಚಿನ ಚಿಂತೆ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡ್ ಮತ್ತು ರೇಷನ್ ಕಾರ್ಡ್ ಹಿಡಿದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ನೋಡಿ. ಯಾವ ಪದ್ಧತಿಗೆ ಎಷ್ಟು ಸಿಗುತ್ತದೆ ಅಂತ ಚಿಕಿತ್ಸೆ ಶುರುವಾಗುವ ಮುಂಚೆಯೇ ಬರೆಸಿಕೊಳ್ಳಿ. ನಿಮ್ಮ ಕಡೆಯವರು ಹುಲಿಕಲ್ ಘಾಟಿ ಇಳಿದು ಮಣಿಪಾಲಕ್ಕೋ, ಬೆಂಗಳೂರಿನ ಕಿದ್ವಾಯಿಗೋ ಹೋಗುವುದು ಜಾಸ್ತಿ. ಎಲ್ಲಿಗೆ ಹೋದರೂ ಆರು ವಾರ ಅಲ್ಲೇ ಉಳಿಯುವ ವ್ಯವಸ್ಥೆ ಮಾಡಿಕೊಳ್ಳಿ. ದಿನಾ ಘಾಟಿ ಹತ್ತಿ ಇಳಿಯುವುದು, ಅರ್ಧಕ್ಕೇ ಎರಡು ದಿನ ಬಿಟ್ಟು ಮನೆಗೆ ಬರುವುದು, ಎರಡೂ ಬೇಡ.

ಅಲ್ಲಿದ್ದಾಗ ತೂಕದ ಮೇಲೆ ಕಣ್ಣಿಡಿ. ಇದಕ್ಕೂ ಬಾಯಿ ಒಣಗುವುದಕ್ಕೂ ಏನು ಸಂಬಂಧ ಅನ್ನಿಸಬಹುದು. ಚಿಕಿತ್ಸೆ ಶುರುವಾಗುವ ಮುಂಚೆ ಮುಖಕ್ಕೆ ಪ್ಲಾಸ್ಟಿಕ್ ಬಲೆಯಂಥ ಮಾಸ್ಕ್ ಅಚ್ಚು ತೆಗೆಯುತ್ತಾರೆ, ದಿನಾ ಅದೇ ಮಾಸ್ಕ್ ಹಾಕಿ ಮಲಗಿಸುತ್ತಾರೆ. ತೂಕ ಇಳಿದರೆ ಮಾಸ್ಕ್ ಸಡಿಲವಾಗುತ್ತದೆ. ಅಷ್ಟೇ ಅಲ್ಲ, ಚಿಕಿತ್ಸೆ ನಡೆಯುತ್ತಿದ್ದಂತೆ ಪೆರೋಟಿಡ್ ಗ್ರಂಥಿಯೇ ಕುಗ್ಗಿ ಸ್ವಲ್ಪ ಒಳಕ್ಕೆ ಸರಿಯುತ್ತದೆ. ಲೆಕ್ಕದಲ್ಲಿ ಕಿರಣದ ಹೊರಗಿದ್ದದ್ದು ಒಳಗೆ ಬಂದುಬಿಡಬಹುದು. ಮಾಸ್ಕ್ ಸಡಿಲ ಅನ್ನಿಸಿದ ದಿನವೇ ಟೆಕ್ನಿಷಿಯನ್‌ಗೆ ಹೇಳಿ. ಅಗತ್ಯ ಕಂಡರೆ ಮತ್ತೆ ಸ್ಕ್ಯಾನ್ ಮಾಡಿ ಯೋಜನೆ ಸರಿ ಮಾಡುತ್ತಾರೆ.

ಇನ್ನು ಹಲ್ಲು. ಇಲ್ಲಿ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಯಾಕೆಂದರೆ ಇಲ್ಲೇ ಜನ ಅತಿ ಹೆಚ್ಚು ಕಳೆದುಕೊಳ್ಳುವುದು. ರೇಡಿಯೇಷನ್ ಬಿದ್ದ ದವಡೆಗೆ ರಕ್ತದ ಓಡಾಟ ಕಡಿಮೆಯಾಗುತ್ತದೆ. ಆಮೇಲೆ ಅಲ್ಲಿ ಹಲ್ಲು ಕಿತ್ತರೆ ಗಾಯ ಮಾಯದೆ ಮೂಳೆಯೇ ಸಾಯಬಹುದು. ಕೆಳದವಡೆಯಲ್ಲಿ ಇದು ಹೆಚ್ಚು. ಈ ಭಯ ಒಂದೆರಡು ವರ್ಷದ್ದಲ್ಲ, ಜೀವಮಾನದ್ದು. ಆದ್ದರಿಂದ ಉಳಿಯಲಾರದ ಹಲ್ಲು, ಅಲ್ಲಾಡುವ ಹಲ್ಲು, ಬೇರಿನಲ್ಲಿ ಕೀವಾದ ಹಲ್ಲು ಇದ್ದರೆ ರೇಡಿಯೇಷನ್‌ಗೆ ಮುಂಚೆಯೇ ತೆಗೆಯಬೇಕು. ಗಾಯ ಮಾಯಲು ಕನಿಷ್ಠ ಎರಡು ವಾರ ಬೇಕು. ಇನ್ನೊಂದು ಕಡೆ, ಆಪರೇಷನ್ ಆಗಿ 6 ವಾರದೊಳಗೆ ರೇಡಿಯೇಷನ್ ಶುರುವಾಗುವುದು ಒಳ್ಳೆಯದು. ಅಪ್ಪಯ್ಯನಿಗೆ ಎರಡು ವಾರ ಕಳೆದಿದೆ. ಉಳಿದದ್ದು ನಾಲ್ಕು ವಾರ. ಅದರಲ್ಲಿ ಮಾಸ್ಕ್, ಸ್ಕ್ಯಾನ್, ಯೋಜನೆಗೂ ದಿನ ಬೇಕು. ಹಾಗಾಗಿ ಹಲ್ಲಿನ ಡಾಕ್ಟರ ಹತ್ತಿರ ಹೋಗುವುದು ಈ ವಾರವೇ ಆಗಬೇಕು. ಕರೆಂಟ್ ಕೊಡುವ ಆಸ್ಪತ್ರೆಯಲ್ಲೇ ಹಲ್ಲಿನ ವಿಭಾಗ ಇದ್ದರೆ ಅಲ್ಲೇ ತೋರಿಸಿ. ಇಲ್ಲದಿದ್ದರೆ ಯಾರ ಹತ್ತಿರ ಹೋದರೂ 'ಇಂಥ ದಿನ ರೇಡಿಯೇಷನ್ ಶುರು' ಅಂತ ಮೊದಲ ಮಾತಿನಲ್ಲೇ ಹೇಳಿ.

ಜೊಲ್ಲಿಲ್ಲದ ಬಾಯಲ್ಲಿ ಹಲ್ಲು ಹೇಗೆ ಹಾಳಾಗುತ್ತದೆ ಅಂತ ನಾನು ದಿನಾ ನೋಡುತ್ತೇನೆ. ಪರೀಕ್ಷೆ ಮಾಡುವ ಪುಟ್ಟ ಕನ್ನಡಿಯನ್ನು ಒಳಗಿಟ್ಟರೆ ಕೆನ್ನೆಗೆ ಅಂಟಿಕೊಳ್ಳುತ್ತದೆ. ಬಿಡಿಸಿಕೊಳ್ಳಲು ಅದನ್ನೇ ಒದ್ದೆ ಮಾಡಬೇಕು. ನಾಲಿಗೆ ನುಣ್ಣಗಾಗಿ ಬಿರುಕು ಬಿಟ್ಟಿರುತ್ತದೆ. ಕೆಳಗಿನ ಮುಂದಿನ ಹಲ್ಲುಗಳನ್ನು ನೋಡಿದರೆ ಗೊತ್ತಾಗಿಬಿಡುತ್ತದೆ. ಬೇರೆಯವರಲ್ಲಿ ಆ ಹಲ್ಲುಗಳಿಗೆ ಹುಳುಕು ಬರುವುದೇ ಅಪರೂಪ, ಸದಾ ಜೊಲ್ಲಿನಲ್ಲಿ ನೆನೆದಿರುತ್ತವೆ. ರೇಡಿಯೇಷನ್ ಆದವರಲ್ಲಿ ಅವೇ ಒಸಡಿನ ಅಂಚಿನಲ್ಲಿ ಕಂದು ಬಣ್ಣಕ್ಕೆ ತಿರುಗಿ, ಸುತ್ತಲೂ ಕೊರೆದು, ಒಂದು ದಿನ ಊಟದ ನಡುವೆ ಪಟ್ ಅಂತ ಮುರಿಯುತ್ತವೆ. ನೋವೂ ಹೆಚ್ಚು ಇರುವುದಿಲ್ಲ, ಅದಕ್ಕೇ ಗೊತ್ತಾಗುವುದು ತಡ. ಜೊಲ್ಲು ಹುಳಿಯನ್ನು ತಗ್ಗಿಸುತ್ತದೆ, ಕ್ಯಾಲ್ಸಿಯಂ ಕೊಟ್ಟು ಹಲ್ಲಿನ ಸವೆತ ತುಂಬುತ್ತದೆ. ಆ ಕಾವಲು ಹೋದ ಮೇಲೆ ಕೆಲವೇ ತಿಂಗಳಲ್ಲಿ ಇಷ್ಟಾಗಬಹುದು.

ಇದಕ್ಕೆ ನಮ್ಮ ಹತ್ತಿರ ಇರುವ ಗಟ್ಟಿ ಅಸ್ತ್ರ ಫ್ಲೋರೈಡ್. ನಾವು ಹಲ್ಲಿನ ಅಳತೆ ತೆಗೆದು ಮೆತ್ತನೆಯ ಪ್ಲಾಸ್ಟಿಕ್ ಟ್ರೇ ಮಾಡಿಕೊಡುತ್ತೇವೆ. ರಾತ್ರಿ ಹಲ್ಲುಜ್ಜಿದ ಮೇಲೆ ಅದಕ್ಕೆ 1.1 ಶೇಕಡಾ ಸೋಡಿಯಂ ಫ್ಲೋರೈಡ್ ಜೆಲ್ ಹಾಕಿ 5 ನಿಮಿಷ ಇಟ್ಟುಕೊಂಡು ಉಗಿಯಬೇಕು. ಆಮೇಲೆ ಬಾಯಿ ತೊಳೆಯಬಾರದು, ಅರ್ಧ ಗಂಟೆ ಏನೂ ತಿನ್ನಬಾರದು. ಆಪರೇಷನ್ ಆದ ಬಾಯಿ ಟ್ರೇ ಹಿಡಿಸುವಷ್ಟು ತೆರೆಯದೆ ಹೋದರೆ ಅದೇ ಬಲದ, ಅಂದರೆ 5000 ಪಿಪಿಎಂ ಫ್ಲೋರೈಡ್ ಇರುವ ಪೇಸ್ಟನ್ನು ಬ್ರಷ್‌ನಲ್ಲೇ ಹಚ್ಚಬಹುದು. ಅಂಗಡಿಯ ಮಾಮೂಲಿ ಪೇಸ್ಟಿನಲ್ಲಿ ಇರುವುದು ಸುಮಾರು 1000. ಮೂರು ತಿಂಗಳಿಗೊಮ್ಮೆ ನಮ್ಮ ಹತ್ತಿರ ಬಂದರೆ ಫ್ಲೋರೈಡ್ ವಾರ್ನಿಷ್ ಕೂಡ ಬಳಿಯುತ್ತೇವೆ. ಇದು ಒಂದು ವರ್ಷದ ವ್ರತ ಅಲ್ಲ. ಹಲ್ಲು ಇರುವವರೆಗೂ ಮಾಡಬೇಕು. 'ಈಗ ಪರವಾಗಿಲ್ಲ' ಅಂತ ಎರಡನೇ ವರ್ಷಕ್ಕೆ ಬಿಟ್ಟವರ ಹಲ್ಲು ಮೂರನೇ ವರ್ಷಕ್ಕೆ ಉದುರಿದ್ದನ್ನು ಕಂಡಿದ್ದೇನೆ.

ಬಾಯಿ ತೆರೆಯುವ ವ್ಯಾಯಾಮವನ್ನೂ ಈಗಲೇ ಕಲಿತುಕೊಳ್ಳಿ. ವರ್ಷಗಟ್ಟಲೆ ಅಡಿಕೆ ಹಾಕಿದವರ ಕೆನ್ನೆ ಒಳಗೆ ಮೊದಲೇ ಬಿಗಿದಿರುತ್ತದೆ. ಮೂರು ಬೆರಳು ಒಂದರ ಮೇಲೊಂದು ಇಟ್ಟು ಹಲ್ಲುಗಳ ನಡುವೆ ಹಿಡಿಸುತ್ತಾ ನೋಡಿ. ಎರಡೇ ಹಿಡಿಸಿದರೆ ರೇಡಿಯೇಷನ್ ಆದ ಮೇಲೆ ಇನ್ನೂ ಬಿಗಿಯುತ್ತದೆ. ಬಾಯಿ ತೆರೆಯದಿದ್ದರೆ ಬ್ರಷ್ ಹೋಗುವುದಿಲ್ಲ, ಡಾಕ್ಟರ ಕೈಯೂ ಹೋಗುವುದಿಲ್ಲ. ಆಪರೇಷನ್ ಗಾಯ ನೋಡಿ ಸರ್ಜನ್ ಯಾವತ್ತಿನಿಂದ ಶುರು ಮಾಡಿ ಅನ್ನುತ್ತಾರೋ ಅಂದಿನಿಂದ ಬಿಡದೆ ಮಾಡಿ.

ಚಿಕಿತ್ಸೆ ನಡೆಯುವಾಗ ಎರಡನೇ ಮೂರನೇ ವಾರಕ್ಕೆ ಬಾಯಿ ಹುಣ್ಣಾಗುತ್ತದೆ, ರುಚಿ ಹೋಗುತ್ತದೆ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಚಮಚ ಉಪ್ಪು, ಒಂದು ಚಮಚ ಅಡುಗೆ ಸೋಡಾ ಹಾಕಿ, ಟೀ ಚಮಚದ ಅಳತೆ, ದಿನಕ್ಕೆ ಆರೆಂಟು ಸಲ ಮುಕ್ಕಳಿಸಿ ಉಗಿಯಲಿ. ದಿನಾ ಹೊಸದಾಗಿ ಮಾಡಿಕೊಳ್ಳಿ. ಬಟ್ಟೆ ಸೋಡಾ ಅಲ್ಲ, ಇಡ್ಲಿಗೆ ಹಾಕುವ ಸೋಡಾ. ಅಂಗಡಿಯಲ್ಲಿ ಸಿಗುವ ಉರಿ ಬರುವ ಮೌತ್‌ವಾಶ್‌ಗಳಲ್ಲಿ ಆಲ್ಕೋಹಾಲ್ ಇರಬಹುದು, ಅವು ಬಾಯಿಯನ್ನು ಇನ್ನೂ ಒಣಗಿಸುತ್ತವೆ. ಬ್ರಷ್ ಮಕ್ಕಳದ್ದು ಸಾಕು, ಮೆತ್ತನೆಯದು. ನಾಲಿಗೆ, ಅಂಗುಳಿನ ಮೇಲೆ ಬಿಳಿ ಪದರ ಬಂದು ಉರಿ ಜಾಸ್ತಿಯಾದರೆ ಅದು ಬೂಷ್ಟಿನ ಸೋಂಕು ಇರಬಹುದು. ಜೊಲ್ಲು ಇಲ್ಲದ ಬಾಯಲ್ಲಿ ಇದು ಬಹಳ ಸಾಮಾನ್ಯ, ಔಷಧಿ ಸುಲಭ. 'ರೇಡಿಯೇಷನ್ ಉರಿಯೇ ಇರಬೇಕು' ಅಂತ ಸಹಿಸಿಕೊಂಡು ಕೂರಬೇಡಿ.

ಇನ್ನು ಮನೆಗೆ ಬಂದ ಮೇಲಿನ ದಿನಗಳು. ನೀರಿನ ಬಾಟಲಿ ಸದಾ ಕೈಯಲ್ಲಿರಲಿ, ಆದರೆ ಗುಟುಕು ಗುಟುಕಾಗಿ. ಗಟಗಟ ಕುಡಿದರೆ ಬಾಯಲ್ಲಿ ಉಳಿದಿರುವ ಅಲ್ಪ ಸ್ವಲ್ಪ ಲೋಳೆಯೂ ತೊಳೆದು ಹೋಗುತ್ತದೆ, ರಾತ್ರಿ ಮೂತ್ರಕ್ಕೆ ಏಳುವುದು ಬೇರೆ. ನಿದ್ದೆಯಲ್ಲಿ ಎಲ್ಲರಿಗೂ ಜೊಲ್ಲು ತೀರಾ ಕಡಿಮೆಯಾಗುತ್ತದೆ, ಇವರಿಗೆ ಬತ್ತಿಯೇ ಹೋಗುತ್ತದೆ. ಬಾಯಿ ಒದ್ದೆ ಇಡುವ ಜೆಲ್ ಮತ್ತು ಸ್ಪ್ರೇ ಔಷಧಿ ಅಂಗಡಿಯಲ್ಲಿ ಸಿಗುತ್ತವೆ. 'ಕೃತಕ ಜೊಲ್ಲು' ಬೇಕು ಅಂದರೆ ಗೊತ್ತಾಗುತ್ತದೆ. ಮಲಗುವಾಗ ಜೆಲ್ ಅನ್ನು ನಾಲಿಗೆ, ಕೆನ್ನೆಗೆ ಸವರಿಕೊಂಡರೆ ನೀರಿಗಿಂತ ಹೆಚ್ಚು ಹೊತ್ತು ಇರುತ್ತದೆ. ತುಪ್ಪ, ಕೊಬ್ಬರಿ ಎಣ್ಣೆ ಸವರಬಹುದಾ ಅಂತ ಬಹಳ ಜನ ಕೇಳುತ್ತಾರೆ. ತುಟಿಗೆ ಧಾರಾಳವಾಗಿ, ಬಾಯೊಳಗೆ ಬೆರಳಿನಲ್ಲಿ ತೆಳುವಾಗಿ ಸವರಬಹುದು. ಆದರೆ ನುಂಗುವಾಗ ಕೆಮ್ಮು ಬರುವವರು ಎಣ್ಣೆ ಮುಕ್ಕಳಿಸುವುದು ಬೇಡವೇ ಬೇಡ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ.

ಮಳೆಗಾಲದಲ್ಲಿ ನಮ್ಮ ಕಡೆ ಗಾಳಿಯೇ ಒದ್ದೆ, ಆಗ ಬಾಯಿಗೂ ಸ್ವಲ್ಪ ಆರಾಮ. ಅಡಿಕೆ ಕೊಯ್ಲಿನ ಹೊತ್ತಿಗೆ ಒಣ ಚಳಿ ಶುರುವಾಗುತ್ತದೆ, ತೊಂದರೆ ಆಗ ಜಾಸ್ತಿ. ಮಲಗುವ ಕೋಣೆಯಲ್ಲಿ ಒದ್ದೆ ಪಂಚೆ ಹರವಿ. ಅಡಿಕೆ ಬೇಯಿಸುವ ಒಲೆ, ಬಚ್ಚಲೊಲೆಯ ಹೊಗೆಯಿಂದ ಅಪ್ಪಯ್ಯ ದೂರ ಇರಲಿ. ಆ ವರ್ಷದ ಸುಲಿತದ ಉಸ್ತುವಾರಿ ಬೇರೆಯವರು ನೋಡಿಕೊಳ್ಳಲಿ.

ಊಟದ ವಿಷಯದಲ್ಲಿ ಮಲೆನಾಡಿನವರು ಅದೃಷ್ಟವಂತರು ಅಂತಲೇ ನನ್ನ ಅಭಿಪ್ರಾಯ. ಜೊಲ್ಲಿಲ್ಲದ ಬಾಯಿಗೆ ಬೇಕಾದ್ದು ತಣ್ಣಗಿನ, ತೆಳ್ಳಗಿನ, ಜಾರುವ ಊಟ. ನಮ್ಮ ತಂಬುಳಿ ಅದೇ ಅಲ್ವಾ? ಒಂದೆಲಗದ್ದೋ ದೊಡ್ಡಪತ್ರೆಯದ್ದೋ ತಂಬುಳಿಯನ್ನು ಮೆಣಸು, ಹಸಿಮೆಣಸು ಬಿಟ್ಟು, ಕಾಯಿ ನುಣ್ಣಗೆ ರುಬ್ಬಿ, ಹುಳಿ ಬಾರದ ಮಜ್ಜಿಗೆಯಲ್ಲಿ ಮಾಡಿ. ಅನ್ನ ಮೆತ್ತಗೆ ಬೆಂದು, ಅದರಲ್ಲಿ ಮುಳುಗಿರಲಿ. ಕುಚ್ಚಲಕ್ಕಿ ಗಂಜಿಗೆ ತುಪ್ಪ ಹಾಕಿ ಕೊಡಿ. ನೀರ್ದೋಸೆಯನ್ನು ಕಾಯಿಹಾಲಿನಲ್ಲಿ ನೆನೆಸಿದರೆ ನುಂಗಲು ಕಷ್ಟವಿಲ್ಲ. ಮೊಟ್ಟೆ, ಮೀನು ತಿನ್ನುವ ಮನೆಯಾದರೆ ಮುಳ್ಳು ತೆಗೆದ ಮೀನನ್ನು ಗಸಿಯಲ್ಲಿ ಅದ್ದಿ ಕೊಡಿ, ಗಾಯ ಮಾಯಲು ಪ್ರೋಟೀನ್ ಬೇಕೇ ಬೇಕು. ಒಣ ಅಕ್ಕಿರೊಟ್ಟಿ, ಹಪ್ಪಳ, ಅವಲಕ್ಕಿ ಇವು ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ಕೆಸುವಿನ ಸೊಪ್ಪಿನ ಪತ್ರೊಡೆ ಎಷ್ಟು ಇಷ್ಟ ಇದ್ದರೂ ಸದ್ಯಕ್ಕೆ ಬೇಡ. ಗಟ್ಟಿ ಬಾಯಿಗೇ ತುರಿಕೆ ಕೊಡುವ ಸೊಪ್ಪು ಅದು, ಹುಣ್ಣಾದ ಬಾಯಿಗೆ ಉರಿ ತಡೆಯದು. ಕಾಫಿ ಬಿಡಲೇಬೇಕು ಅಂತಿಲ್ಲ, ಕಡಿಮೆ ಮಾಡಿ. ಬದಲಿಗೆ ಧನಿಯಾ ಜೀರಿಗೆ ಕಷಾಯ ಬೆಲ್ಲ ಹಾಕದೆ, ಉಗುರು ಬೆಚ್ಚಗೆ.

ಹುಳಿ ಕಂಡರೆ ಬಾಯಲ್ಲಿ ನೀರು ಬರುತ್ತದೆ, ಹಾಗಾಗಿ ಅಪ್ಪೆಮಿಡಿ ಚೀಪಿ, ನಿಂಬೆಹೋಳು ಇಟ್ಟುಕೊಳ್ಳಿ, ಮುರುಗಲು ಶರಬತ್ತು ಕುಡಿಯಿರಿ ಅಂತ ಸಲಹೆ ಕೊಡುವವರು ಸಿಗುತ್ತಾರೆ. ಹಲ್ಲಿರುವವರು ಇದನ್ನು ಮಾಡಬಾರದು. ಹುಳಿಯನ್ನು ತೊಳೆಯಲು ಜೊಲ್ಲೇ ಇಲ್ಲದಾಗ ಅದು ನೇರವಾಗಿ ಹಲ್ಲನ್ನು ಕರಗಿಸುತ್ತದೆ. ಸಕ್ಕರೆ ಪೆಪ್ಪರ್‌ಮೆಂಟೂ ಹಾಗೇ. ಚೀಪಲು, ಅಗಿಯಲು ಏನಾದರೂ ಬೇಕಿದ್ದರೆ ಕ್ಸೈಲಿಟಾಲ್ ಇರುವ ಸಕ್ಕರೆರಹಿತ ಚ್ಯೂಯಿಂಗ್ ಗಮ್ ಒಳ್ಳೆಯದು. ಅಗಿಯುವುದರಿಂದಲೇ ಉಳಿದ ಗ್ರಂಥಿ ಕೆಲಸ ಮಾಡುತ್ತದೆ. ಜೇನುತುಪ್ಪವನ್ನು ರೇಡಿಯೇಷನ್ ಹುಣ್ಣಿಗೆ ಬಳಸಿ ನೋಡಿದ ಅಧ್ಯಯನಗಳಿವೆ. ಆದರೆ ಒಣ ಬಾಯಲ್ಲಿ ಜೇನು ಹಲ್ಲಿಗೆ ಅಂಟಿ ಉಳಿಯುತ್ತದೆ, ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ. ನಮ್ಮ ಜಿಲ್ಲೆಯಲ್ಲಿ ಕ್ಯಾನ್ಸರ್ ಅಂದ ಕೂಡಲೇ ಮರದ ಚಕ್ಕೆಯ ಕಷಾಯ ಕುಡಿಸುವ ರೂಢಿ ಇದೆ. ಅದು ನಿಮ್ಮ ಮನೆಯಲ್ಲೂ ನಡೆಯುತ್ತಿದ್ದರೆ ರೇಡಿಯೇಷನ್ ಡಾಕ್ಟರಿಂದ ಮುಚ್ಚಿಡಬೇಡಿ. ಬಾಯಿಯ ಮಟ್ಟಿಗೆ ಹೇಳುವುದಾದರೆ, ಚಕ್ಕೆಯ ಒಗರು ಜೊಲ್ಲಿನ ಲೋಳೆಯನ್ನು ಹೆಪ್ಪುಗಟ್ಟಿಸಿ ಬಾಯಿಯನ್ನು ಇನ್ನೂ ಒರಟು ಮಾಡುತ್ತದೆ.

ಅದೇ ಮಾತು ಅಡಿಕೆಗೂ. ಎಲೆ ಅಡಿಕೆ ಹಾಕಿದರೆ ಜೊಲ್ಲು ಬರುವುದು ನಿಜ. ಆದರೆ ಉತ್ತರ ಬೇಡ ಎಂದೇ. ತಂಬಾಕು ಇಲ್ಲದ ಎಲೆ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಪ್ರಕಟಿಸಿದೆ. ಅಡಿಕೆಯಿಂದಲೇ ಬದುಕು ಕಟ್ಟಿಕೊಂಡ ಮನೆಗೆ ಈ ಮಾತು ಹೇಳುವುದು ನನಗೂ ಸುಲಭವಲ್ಲ, ನಮ್ಮ ನೆಂಟರಿಷ್ಟರದ್ದೂ ತೋಟವೇ. ಆದರೂ ಒಮ್ಮೆ ಆಪರೇಷನ್ ಆದ ಕೆನ್ನೆಗೆ ಮತ್ತೆ ಅಡಿಕೆ ಇಡುವುದು ಎಂದರೆ 60 ಗ್ರೇ ಪಟ್ಟ ಪಾಡು ನೀರಿಗೆ ಹೋದ ಹಾಗೆ. ತಂಬಾಕು, ಬೀಡಿ, ಮದ್ಯದ ಬಗ್ಗೆ ಬೇರೆ ಹೇಳಬೇಕಿಲ್ಲ. ಊಟದ ನಂತರ ಕೈ ಎಲೆ ತಟ್ಟೆಗೆ ಹೋಗುತ್ತದೆ ಅಂತಾದರೆ, ತಟ್ಟೆಯನ್ನೇ ಜಗಲಿಯಿಂದ ಎತ್ತಿ ಒಳಗಿಡಿ. ಬಂದ ನೆಂಟರಿಗೂ ಆರು ತಿಂಗಳು ಕವಳ ಕೊಡಬೇಡಿ, ಅವರಿಗೆ ಅರ್ಥವಾಗುತ್ತದೆ.

ಮಾತ್ರೆಗಳಲ್ಲಿ ಪೈಲೋಕಾರ್ಪಿನ್ ಎಂಬುದಿದೆ. ಉಳಿದಿರುವ ಗ್ರಂಥಿಯನ್ನು ಚುರುಕು ಮಾಡುವ ಔಷಧಿ. ಅಮೆರಿಕದಲ್ಲಿ 1994ರಲ್ಲಿ ಇದೇ ತೊಂದರೆಗೆ ಒಪ್ಪಿಗೆ ಸಿಕ್ಕಿತು. ಸಾಮಾನ್ಯವಾಗಿ 5 ಮಿಲಿಗ್ರಾಂ, ದಿನಕ್ಕೆ ಮೂರು ಸಲ. ಪೂರ್ತಿ ಗುಣ ಕಾಣಲು 12 ವಾರ ಬೇಕಾಗಬಹುದು. ಬೆವರು ಸುರಿಯುತ್ತದೆ, ಪದೇ ಪದೇ ಮೂತ್ರ ಬರುತ್ತದೆ. ಹತೋಟಿಯಲ್ಲಿ ಇಲ್ಲದ ಆಸ್ತಮಾ, ಕೆಲವು ಬಗೆಯ ಕಣ್ಣಿನ ಒತ್ತಡದ ಕಾಯಿಲೆ ಇದ್ದರೆ ಕೊಡುವಂತಿಲ್ಲ, ಹೃದಯದ ತೊಂದರೆ ಇದ್ದವರಿಗೆ ಯೋಚಿಸಿ ಕೊಡಬೇಕು. ಗ್ರಂಥಿ ಪೂರ್ತಿ ಹೋಗಿದ್ದರೆ ಇದರಿಂದ ಪ್ರಯೋಜನ ಇಲ್ಲ. ಅದಕ್ಕೇ ಮೊದಲು ಗ್ರಂಥಿ ಉಳಿಸಿಕೊಳ್ಳಿ ಅಂತ ಅಷ್ಟು ಹೇಳಿದ್ದು. ಜೊತೆಗೆ ಅಪ್ಪಯ್ಯ ಈಗ ತೆಗೆದುಕೊಳ್ಳುವ ಎಲ್ಲಾ ಮಾತ್ರೆಗಳ ಚೀಟಿ ಡಾಕ್ಟರಿಗೆ ತೋರಿಸಿ. ನೆಗಡಿ ಮಾತ್ರೆ, ನರದ ನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್, ಬಿಪಿಗೆ ಕೊಡುವ ನೀರಿಳಿಸುವ ಮಾತ್ರೆ, ಇವೆಲ್ಲ ಬಾಯಿ ಒಣಗಿಸುತ್ತವೆ. ನೀವಾಗಿಯೇ ನಿಲ್ಲಿಸಬೇಡಿ, ಬದಲು ಇದೆಯಾ ಅಂತ ಕೇಳಿ. ಶುಗರ್ ಇದ್ದರೆ ಅದೂ ಹತೋಟಿಯಲ್ಲಿರಲಿ.

ಪಕ್ಕದ ಮನೆಯ ದೊಡ್ಡಪ್ಪನಿಗೂ ಒಂದು ಮಾತು ತಲುಪಿಸಿ. ಮೂರು ವರ್ಷ ಆಯಿತು, ಇನ್ನೇನು ಅಂತ ಅವರು ಕೈಬಿಟ್ಟಿರಬಹುದು. ಪೈಲೋಕಾರ್ಪಿನ್ ಕೊಟ್ಟು ನೋಡಬಹುದಾ ಅಂತ ಅವರ ರೇಡಿಯೇಷನ್ ಡಾಕ್ಟರನ್ನು ಕೇಳಲಿ. ಉಳಿದ ಹಲ್ಲಿಗೆ ಫ್ಲೋರೈಡ್ ಈಗ ಶುರು ಮಾಡಿದರೂ ತಡವಲ್ಲ. ಮುರಿದ ಹಲ್ಲಿನ ಬೇರನ್ನು ಪೇಟೆಯಲ್ಲಿ ಸಿಕ್ಕವರ ಹತ್ತಿರ ಕೀಳಿಸಿಕೊಳ್ಳುವುದು ಮಾತ್ರ ಬೇಡ. ಎಷ್ಟೋ ಸಲ ಬೇರನ್ನು ಕೀಳದೆ, ರೂಟ್ ಕೆನಾಲ್ ಮಾಡಿ ಒಸಡಿನ ಮಟ್ಟಕ್ಕೆ ಮುಚ್ಚಿ ಹಾಗೇ ಉಳಿಸಬಹುದು. ಅವರ ರೇಡಿಯೇಷನ್ ಕಾಗದ ಪತ್ರ ಹಿಡಿದುಕೊಂಡೇ ಹಲ್ಲಿನ ಡಾಕ್ಟರ ಹತ್ತಿರ ಬರಲಿ. ಯಾವ ಬದಿಗೆ ಎಷ್ಟು ಬಿದ್ದಿದೆ ಅಂತ ಗೊತ್ತಾದರೆ ನಮ್ಮ ಕೆಲಸ ಅರ್ಧ ಸುಲಭ.

ಅಪ್ಪಯ್ಯನಿಗೆ ಮೊದಲ ಆರು ತಿಂಗಳು ಕಷ್ಟವೇ. ಎಡಗಡೆಯ ಗ್ರಂಥಿ ಉಳಿದಿದ್ದರೆ ಅಲ್ಲಿಂದ ನಿಧಾನವಾಗಿ ಸುಧಾರಿಸುತ್ತದೆ, ಎರಡು ವರ್ಷದವರೆಗೂ ಸುಧಾರಿಸುತ್ತಲೇ ಇರಬಹುದು. ಈ ನಡುವೆ ದವಡೆಯಲ್ಲಿ ಮೂಳೆ ಹೊರಗೆ ಕಂಡರೆ, ಮಾಯದ ಹುಣ್ಣು ಎರಡು ವಾರ ದಾಟಿದರೆ, ಕುತ್ತಿಗೆಯಲ್ಲಿ ಹೊಸ ಗಂಟು ಸಿಕ್ಕರೆ, ನುಂಗುವಾಗಲೆಲ್ಲ ಕೆಮ್ಮು ಬಂದರೆ ಮುಂದಿನ ತಾರೀಖಿಗೆ ಕಾಯಬೇಡಿ, ಫೋನ್ ಮಾಡಿ ಹೊರಡಿ. ಸದ್ಯಕ್ಕೆ ಬಯಾಪ್ಸಿ ವರದಿ, ಡಿಸ್ಚಾರ್ಜ್ ಚೀಟಿ ಎರಡನ್ನೂ ಒಂದು ಕವರಿಗೆ ಹಾಕಿಕೊಂಡು, ಹಲ್ಲು ತೋರಿಸಲು ಈ ವಾರವೇ ದಿನ ಗೊತ್ತು ಮಾಡಿಕೊಳ್ಳಿ.